ಕೊಂಡಿಯ ಜಾಗ

ತಗಡಿನ ಮೇಲೆ ಕೊಡತಿ ಬೀಳುವ ಸದ್ದಿಗೆ ಎರಡು ದನಿಗಳಿವೆ. ಹಾಳೆ ಇನ್ನೂ ಸಪಾಟಾಗಿದ್ದಾಗ ಅದು ಬಡಬಡಿಸುತ್ತದೆ. ಅಂಚು ಮಡಿಚಿ ಪೆಟ್ಟಿಗೆಯ ರೂಪಕ್ಕೆ ಬಂದ ಮೇಲೆ, ಒಳಗೆ ಗಾಳಿ ತುಂಬಿಕೊಂಡು, ಗುಮ್ಮೆನ್ನುತ್ತದೆ. ಸವಣೂರಿನಲ್ಲಿ ನಮ್ಮ ಹಿತ್ತಲ ಗೋಡೆಯಾಚೆಗಿನ ಓಣಿಯಲ್ಲಿ ಬೆಳಗಿನ ಚಹಾದ ಹೊತ್ತಿಗೆ ಬಡಬಡ ಶುರುವಾಗುತ್ತಿತ್ತು. ಅದು ಗುಮ್ಮೆನ್ನತೊಡಗಿದರೆ, ದಿಲಾವರನ ಇನ್ನೊಂದು ಟ್ರಂಕು ಆಕಾರಕ್ಕೆ ಬಂತು ಎಂದು ನಮ್ಮವ್ವ ಒಲೆಯ ಮುಂದೆ ಕೂತೇ ಹೇಳುತ್ತಿದ್ದಳು. ಆಮೇಲೆ ಸದ್ದು ನಿಲ್ಲುತ್ತಿತ್ತು. ಆ ನಿಶ್ಶಬ್ದ ಚಮನಬಿಯದು.

ಚಮನಬಿ ದಿಲಾವರನ ಹೆಂಡತಿ. ಅವನು ಮಾಡಿದ ಟ್ರಂಕಿಗೆ ಬಣ್ಣ ಹಚ್ಚಿ, ಎದುರಿಗೆ ಸೀನರಿ ಬರೆಯುವುದು ಅವಳ ಕೆಲಸ. ನಾನು ಹೇಳುತ್ತಿರುವುದು ಐವತ್ತರ ದಶಕ ಮುಗಿಯುತ್ತ ಬಂದ ದಿನಗಳ ಮಾತು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನ ಕಡೆಯ ಮದುವೆಗಳಲ್ಲಿ ಮದುಮಗಳ ಹಿಂದೆ ಒಂದು ಟ್ರಂಕು ಬರಲೇಬೇಕಿತ್ತು, ಅದರ ಮೇಲೆ ಒಂದು ಸೀನರಿ ಇರಲೇಬೇಕಿತ್ತು. ಮುಚ್ಚಳದ ಮೇಲೆ ಜನ ಕೂರುತ್ತಾರಾದ್ದರಿಂದ ಅಲ್ಲಿ ಬರೀ ಹಸಿರು ಬಣ್ಣ. ಚಿತ್ರ ಬರುವುದು ಎದುರಿನ ತಗಡಿನ ಮೇಲೆ. ಎಡಕ್ಕೆ ಎರಡು ತೆಂಗಿನ ಮರ, ಒಂದು ಗುಡಿಸಲು. ಬಲಕ್ಕೆ ಎರಡು ಗುಡ್ಡ, ಅವುಗಳ ಸಂದಿಯಲ್ಲಿ ಅರ್ಧ ಸೂರ್ಯ. ಗುಡಿಸಲಿನ ಬುಡದಿಂದ ಹೊರಟ ಹೊಳೆ ಗುಡ್ಡದ ಬುಡವನ್ನು ಮುಟ್ಟಬೇಕು. ನಡುವೆ ಅಂಗೈ ಅಗಲದ ಜಾಗವನ್ನು ಮಾತ್ರ ಹಾಗೇ ಬಿಡಬೇಕು. ಬಣ್ಣ ಒಣಗಿದ ಮೇಲೆ ದಿಲಾವರ ಅಲ್ಲಿ ಕೀಲಿಯ ಕೊಂಡಿಯನ್ನು ಬಡಿದು ಕೂಡಿಸುತ್ತಾನೆ. ಅಲ್ಲಿ ಏನು ಬರೆದರೂ ಕಬ್ಬಿಣದ ಅಡಿಗೆ ಹೋಗುತ್ತದೆ. ಹೊಳೆ ಕೂಡ ಕೊಂಡಿಯ ಈಚೆ ಮುಳುಗಿ ಆಚೆ ಏಳುತ್ತದೆ.

ಇದನ್ನು ಅವಳಿಗೆ ಹೇಳಿಕೊಟ್ಟವನು ಮಾವ ಕರೀಮಸಾಬ. ಅವಳು ಮದುವೆಯಾಗಿ ಬಂದ ವರ್ಷವೇ ಅವನ ಕೈ ನಡುಗಲು ಶುರುವಾಗಿತ್ತು. ಕುಂಚವನ್ನು ಸೊಸೆಯ ಕೈಗೆ ಕೊಟ್ಟು, ‘ನಡುವ ಚಿತ್ರ ಬರದವ ಹುಚ್ಚ’ ಎಂದಷ್ಟೇ ಹೇಳಿದ್ದನಂತೆ. ಅವನು ತೀರಿಕೊಂಡ ಮೇಲೂ ಆ ಮಾತು ಅವಳ ಕೈಯಲ್ಲಿ ಉಳಿಯಿತು. ಅಳತೆ ಹಿಡಿಯದೆ, ಸೀಸದ ಕಡ್ಡಿ ಮುಟ್ಟಿಸದೆ, ಎಡದ ಅರ್ಧ ಮುಗಿಸಿ ಬಲಕ್ಕೆ ದಾಟುವಾಗ ಅವಳ ಕುಂಚ ತಾನಾಗಿಯೇ ಅಂಗೈ ಅಗಲ ಹಾರುತ್ತಿತ್ತು.

ಒಂದು ದಿನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಗುದ್ಲೆಪ್ಪನವರು ಮಗಳ ಮದುವೆಗೆ ಟ್ರಂಕು ಹೇಳಲು ಆ ಓಣಿಗೆ ಬಂದರು. ಟ್ರಂಕು ಹೇಳುವುದನ್ನು ಬಿಟ್ಟು, ಒಣಗಲು ಇಟ್ಟಿದ್ದ ಒಂದರ ಮುಂದೆ ಧೋತರ ಮೇಲೆತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

‘ಈ ನೀರಿನ ಬಣ್ಣ ಕೂಡಿಸಿದವರು ಯಾರೋ ದಿಲಾವರಸಾಬ?’

‘ಮನಿಯಾಗಿನ ಮಂದಿರಿ.’

‘ಮನಿಯಾಗಿನ ಮಂದಿಗೆ ಹೆಸರಿಲ್ಲೇನು?’

ಬಾಗಿಲ ಮರೆಯಿಂದ ಉತ್ತರ ಬಂತು. ‘ಚಮನಬಿ ಅಂತಾರ್ರಿ. ಮುಲ್ಕಿ ಪಾಸಾಗೇನ್ರಿ.’ ಎರಡನೆಯದನ್ನು ಯಾರೂ ಕೇಳಿರಲಿಲ್ಲ.

‘ಹೊಳಿ ನೋಡೀಯೇನ್ ತಂಗಿ?’

‘ನೋಡೇನ್ರಿ, ಬಸ್ಸಿನಾಗ ಹೋಗುಮುಂದ. ಸೇತುವಿ ಮುಗೀತು, ಹೊಳೀನೂ ಮುಗೀತು.’

ಮಾಸ್ತರರು ನಕ್ಕರು. ನಕ್ಕು, ಎದ್ದು, ಒಂದು ಸುದ್ದಿ ಹೇಳಿದರು. ಶಿಗ್ಗಾವಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಚಿತ್ರ ಕಲಿಸುವ ಅಕ್ಕೋರು ಬೇಕಾಗಿದ್ದರು. ಶಾಲೆ ನಡೆಸುವ ಲಕ್ಷ್ಮಪ್ಪನವರು ಮಾಸ್ತರರಿಗೆ ಪರಿಚಯ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಆಗಿದ್ದರೆ ಸಾಕು, ಆದರೆ ಜೊತೆಗೆ ಚಿತ್ರಕಲೆಯ ಪರೀಕ್ಷೆ ಪಾಸಾಗಿರಬೇಕು. ‘ಕೈ ಐತಿ ನಿನಗ,’ ಎಂದರು. ‘ಕೈ ಒಂದಿದ್ರ ಸಾಲೂದಿಲ್ಲ. ಆದರ ಕೈಯಿಲ್ಲದವರಿಗೆ ಉಳಿದದ್ದು ಕಲಿಸಾಕ ಬರೂದಿಲ್ಲ.’

ದಿಲಾವರ ಮತ್ತು ಚಮನಬಿ ಮನೆಯೊಳಗೆ ಉರ್ದು ಆಡುತ್ತಿದ್ದರು. ಜಗಳವನ್ನು ಮಾತ್ರ ಕನ್ನಡದಲ್ಲಿ ಮಾಡುತ್ತಿದ್ದರು, ಓಣಿಗೂ ತಿಳಿಯಲಿ ಎಂದು. ಆ ಸಂಜೆ ಕನ್ನಡ ಕೇಳಿಸಿತು.

‘ನಾ ಪರೀಕ್ಷಾಕ ಕುಂಡ್ರಾಕಿ.’

‘ಕುಂಡ್ರು. ಕುಂಡ್ರಾಕ ಮನಿತುಂಬ ಟ್ರಂಕ ಅದಾವು.’

‘ಚ್ಯಾಷ್ಟಿ ಬ್ಯಾಡ್ರಿ. ಮದುವ್ಯಾಗಿ ಬಂದಾಗಿಂದ ಹೊಳಿ ಬರ್ಯಾಕತ್ತೇನಿ, ಒಂದರ ದಂಡೀ ಮ್ಯಾಲೆ ನಿಂತಿಲ್ಲ. ನಿಂತ್ರ ಮಂದಿ ಕೇಳ್ತಾರ, ಯಾಕ ನಿಂತೀ, ಯಾರ ಸಲುವಾಗಿ ನಿಂತೀ ಅಂತ. ಅಕ್ಕೋರು ಆದ್ರ ಹುಡಿಗ್ಯಾರನ್ನ ಕರಕೊಂಡ ಹೋಗಿ ನಿಂದ್ರತೇನಿ. ಆವಾಗ ಯಾರೂ ಕೇಳೂದಿಲ್ಲ.’

ಕೊಡತಿ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ದಿಲಾವರ, ‘ಶಿಗ್ಗಾವಿಗೆ ಮುಂಜಾನಿ ಒಂದ ಬಸ್ ಐತಿ’ ಎಂದ. ಒಪ್ಪಿಗೆಯ ಮಾತನ್ನು ಅವನು ನೇರವಾಗಿ ಆಡಿದ್ದನ್ನು ಯಾರೂ ಕೇಳಿಲ್ಲ.

ಮೊದಲ ಸಲ ಅವಳು ಹೆಚ್ಚೇನೂ ಕಲಿಯದೆ ಪರೀಕ್ಷೆಗೆ ಕೂತಳು. ಮಾಸ್ತರರಿಗೆ ಮಗಳ ಮದುವೆಯ ಓಡಾಟ. ರೇಖೆ ಎಳೆಯುವುದನ್ನೂ ಬಣ್ಣವನ್ನು ನೀರಿನಲ್ಲಿ ತೆಳುಮಾಡುವುದನ್ನೂ ತೋರಿಸಿದ್ದರು, ಅಷ್ಟೆ. ಹುಬ್ಬಳ್ಳಿಗೆ ದಿಲಾವರನೇ ಕರೆದುಕೊಂಡು ಹೋದ. ನೆನಪಿನಿಂದ ನಿಸರ್ಗಚಿತ್ರ ಬರೆಯಬೇಕಾದ ದಿನ ಕೊಟ್ಟ ವಿಷಯ, ಹೊಳೆಯ ದಂಡೆಯ ಹಳ್ಳಿ. ಅವಳಿಗೆ ನಗು ಬಂತಂತೆ. ಅವಳಷ್ಟು ಸಲ ಆ ಹಳ್ಳಿಯನ್ನು ಬರೆದವರು ಆ ಕೋಣೆಯಲ್ಲಿ ಬೇರೆ ಯಾರಿದ್ದರು? ಎಲ್ಲರಿಗಿಂತ ಮೊದಲು ಮುಗಿಸಿ ಹೊರಗೆ ಬಂದಳು.

ಅದೊಂದರಲ್ಲೇ ಅವಳು ನಪಾಸಾದಳು.

ಮಾಸ್ತರರಿಗೆ ನಂಬಿಕೆಯಾಗಲಿಲ್ಲ. ಮನೆಗೆ ಕರೆಸಿ, ಪಡಸಾಲೆಯಲ್ಲಿ ಕೂರಿಸಿ, ‘ಅವತ್ತ ಹುಬ್ಬಳ್ಳ್ಯಾಗ ಬರದದ್ದನ್ನ ಹಂಗ ಬರದ ತೋರಸು’ ಎಂದು ಕಾಗದ ಕೊಟ್ಟರು. ಅವರ ಹೆಂಡತಿ ಅನ್ನವ್ವ ಅವರೆಕಾಳು ಬಿಡಿಸುತ್ತ ಪಕ್ಕದಲ್ಲೇ ಕೂತಿದ್ದಳು. ಚಮನಬಿ ಬರೆದು ಮುಗಿಸಿದಳು. ಬಣ್ಣ ಚೆನ್ನಾಗಿತ್ತು, ನೀರು ನೀರಿನಂತೆಯೇ ಇತ್ತು. ಮಾಸ್ತರರು ಕಾಗದದ ನಡುವಿನ ಮೇಲೆ ಬೆರಳಿಟ್ಟರು.

‘ಇಲ್ಲ್ಯಾಕ ಖಾಲಿ ಬಿಟ್ಟಿ?’

‘ಅಲ್ಲಿ ಕೊಂಡಿ ಬರತೈತಲ್ರಿ.’

ಹೇಳಿದ ಮೇಲೆಯೇ ಅವಳಿಗೆ ತಿಳಿದದ್ದು. ಬಾಯಿಗೆ ಸೆರಗು ಒತ್ತಿಕೊಂಡಳು. ಮಾಸ್ತರರು ಚಿತ್ರವನ್ನೂ ಅವಳನ್ನೂ ನೋಡಿದರು. ನಗಬಾರದೆಂದು ಅವರು ಗಂಭೀರವಾಗಿದ್ದರೆ, ಅನ್ನವ್ವ ಅವರೆಕಾಯಿ ಬುಟ್ಟಿಯನ್ನೇ ಉರುಳಿಸಿಕೊಂಡು ನಕ್ಕಳು. ‘ಅಯ್ಯ ನಮ್ಮವ್ವಾ! ಪರೀಕ್ಷಾ ಮಾಡಾವ ಕೀಲಿಕೈ ಹುಡಿಕ್ಯಾಡಿರಬೇಕು!’

ಅವತ್ತಿನಿಂದ ಪಾಠ ನಿಜವಾಗಿ ಶುರುವಾಯಿತು. ಒಂದರಲ್ಲಿ ಹೋದರೂ ಎಲ್ಲ ವಿಷಯಕ್ಕೂ ಮತ್ತೆ ಕೂರಬೇಕಿತ್ತು. ಲಕ್ಷ್ಮಪ್ಪನವರು ಇನ್ನೊಂದು ವರ್ಷ ಕಾಯುವುದಾಗಿ ಹೇಳಿದ್ದರು. ಮುಂದಿನ ಸಲವೂ ಆಗದಿದ್ದರೆ ಬೇರೆ ಊರಿನ ಒಬ್ಬಳನ್ನು ತೆಗೆದುಕೊಳ್ಳುವುದು ಎಂದಾಗಿತ್ತು. ಹಾಗಾಗಿ ಚಮನಬಿಗೆ ಇದ್ದದ್ದು ಅದೊಂದೇ ಅವಕಾಶ.

‘ಕಾಂಪೊಜಿಶನ್ ಅಂದ್ರ ಹೆದರಬ್ಯಾಡ,’ ಎಂದರು ಮಾಸ್ತರರು. ‘ಮದುವ್ಯಾಗ ಪಂಕ್ತಿ ಕೂಡಸ್ತಾರಲ್ಲ, ಹಂಗ. ಯಾರನ್ನ ಎಲ್ಲಿ ಕುಂಡ್ರಸಬೇಕು, ಯಾರ ಮಗ್ಗಲಕ ಯಾರನ್ನ ಕುಂಡ್ರಸಬಾರದು, ಬಡಿಸಾವರಿಗೆ ಎಲ್ಲಿ ದಾರಿ ಬಿಡಬೇಕು. ಅಷ್ಟ.’

‘ಇವರು ಎಲ್ಲಾರನ್ನೂ ಕುಂಡ್ರಸ್ತಾರ,’ ಎಂದಳು ಅನ್ನವ್ವ. ‘ನಾ ಬಂದು ಇಷ್ಟ ವರ್ಷ ಆತು. ನನ್ನ ಒಂದ ದಿನಾನೂ ಕುಂಡ್ರಾಕ ಬಿಟ್ಟಿಲ್ಲ.’

ಮಾಸ್ತರರು ಅಂಗಳದ ಬೇವಿನ ಮರ, ಅದರಾಚೆಯ ಮಸೀದಿಯ ಕಮಾನು, ಬಾವಿಯ ಕಟ್ಟೆ ಇವುಗಳನ್ನೇ ಬರೆಸಿದರು. ನಡುವೆ ಏನಾದರೂ ಇಡು ಎಂದರು. ಚಮನಬಿ ಬೇವಿನ ಮರವನ್ನು ತಂದು ಕಾಗದದ ನಟ್ಟನಡುವೆ ನೆಟ್ಟಳು. ಮರ ಬಾಸಿಂಗ ಕಟ್ಟಿಕೊಂಡ ಮದುಮಗನಂತೆ ಸೆಟೆದು ನಿಂತಿತು. ಎರಡೂ ಪಕ್ಕದಲ್ಲಿ ಉಳಿದದ್ದೆಲ್ಲ ಬೀಗರ ಹಾಗೆ ಸಮಸಮವಾಗಿ ಹಂಚಿಹೋಯಿತು. ಮಾಸ್ತರರು ತಲೆಯಾಡಿಸಿದರು. ನಟ್ಟನಡುವೆ ಬೇಡ, ತುಸು ಸರಿಸು ಎಂದರು. ಅವಳು ತುಸು ಸರಿಸಿದಳು. ಆಗ ಮರ ಜಾಗ ತಪ್ಪಿ ನಿಂತ ಮದುಮಗನಾಯಿತು. ಗುಡ್ಡದ ಎತ್ತರ, ಕಾಗದವನ್ನು ಮೂರು ಪಾಲು ಮಾಡಿದರೆ ಆಕಾಶಕ್ಕೆ ಎಷ್ಟು, ನೆಲಕ್ಕೆ ಎಷ್ಟು, ಕಣ್ಣು ಎಲ್ಲಿಂದ ಒಳಗೆ ಹೋಗಬೇಕು, ಎಲ್ಲಿ ಕೂರಬೇಕು, ಎಲ್ಲವನ್ನೂ ಹೇಳಿದರು. ಅವಳು ಎಲ್ಲವನ್ನೂ ಕೇಳಿ ತಲೆಯಲ್ಲಿ ಇಟ್ಟುಕೊಂಡಳು, ಆದರೆ ಕೈಗೆ ಇಳಿಯಲಿಲ್ಲ. ಬಿಟ್ಟರೂ ತಪ್ಪು, ಇಟ್ಟರೂ ತಪ್ಪು ಎಂದು ಮನೆಗೆ ಬಂದು ದಿಲಾವರನ ಮುಂದೆ ಅಂದಳು. ಅವನು ಒಂದು ಟ್ರಂಕಿನ ಮೂಲೆ ಬಡಿಯುತ್ತಿದ್ದ. ‘ಕಾಗದಕ್ಕ ಮೂಲೀ ಪಟ್ಟಿ ಹಚ್ಚಿಕೊಡ್ಲೇನು?’ ಎಂದ. ಅವಳು ನಗಲಿಲ್ಲ. ಅವನೂ ಮತ್ತೆ ಆ ಮಾತು ಎತ್ತಲಿಲ್ಲ.

ನಾಟಿಯ ದಿನಗಳಲ್ಲಿ ಮಾಸೂರಿನಿಂದ ಅವಳ ಅಕ್ಕ ಮರಿಯಮಬಿ ಹೇಳಿಕಳಿಸಿದಳು. ಮದಗದ ಕೆರೆಯ ಕೆಳಗೆ ಅವರಿಗೆ ತುಂಡು ಗದ್ದೆಯಿತ್ತು. ಆಳುಗಳಿಗೆ ಬುತ್ತಿ ಕಟ್ಟಲು ಕೈ ಸಾಲದು, ತಂಗಿ ಬಂದರೆ ಅನುಕೂಲ. ಹೊರಡುವ ಮುಂಚೆ ಮಾಸ್ತರರು ಒಂದು ರಟ್ಟಿನಲ್ಲಿ ಕಿಟಕಿಯಂತೆ ಚೌಕ ಕೊರೆದು ಅವಳಿಗೆ ಕೊಟ್ಟರು. ‘ಕಣ್ಣ ಮುಂದ ಹಿಡಕೊಂಡು ನೋಡು. ಒಳಗ ಬಂದದ್ದು ಚಿತ್ರ. ಹೊರಗ ಉಳದದ್ದು ಊರು.’

ಹೀಗೆ ಚಮನಬಿ ಜೀವನದಲ್ಲಿ ಮೊದಲ ಸಲ ನೀರಿನ ದಂಡೆಯ ಮೇಲೆ ನಿಂತಳು. ಬುತ್ತಿಯ ಬುಟ್ಟಿಯನ್ನು ಗದ್ದೆಯಲ್ಲಿ ಇಳಿಸಿ, ಹಿಂದಿರುಗುವಾಗ ಕೆರೆಯ ಏರಿ ಹತ್ತಿದಳು. ಗುಡ್ಡಗಳು ಅವಳು ಬರೆಯುತ್ತಿದ್ದ ಹಾಗೆ ಮುಕ್ಕೋನವಾಗಿರಲಿಲ್ಲ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಉದ್ದಕ್ಕಿದ್ದವು, ಮೈತುಂಬ ಮುಳ್ಳುಕಂಟಿ. ಸೂರ್ಯ ಅವುಗಳ ಸಂದಿಯಲ್ಲಿ ಇರಲಿಲ್ಲ, ಎಲ್ಲೋ ಮೋಡದ ಹಿಂದಿದ್ದ. ನೀರು ನೀಲಿಯೂ ಅಲ್ಲ. ಹತ್ತಿರ ಕೆಸರಿನ ಬಣ್ಣ, ನಡುವೆ ಹಿತ್ತಾಳೆಯ ಬಣ್ಣ, ದೂರ ಹೋದಂತೆ ಯಾವ ಬಣ್ಣವೂ ಇಲ್ಲ. ಗಾಳಿ ಬಂದಾಗ ನೀರು ಒಂದು ಕಡೆಯಿಂದ ಒರಟಾಗುತ್ತ ಬರುತ್ತಿತ್ತು. ಅವಳು ಬಹಳ ಹೊತ್ತು ನಿಂತಳು.

ಗದ್ದೆಯಿಂದ ಒಬ್ಬಳು ಕೂಗಿದಳು. ದುರಗವ್ವ, ನಾಟಿ ಮಾಡುವ ಹೆಂಗಸರ ಸಾಲಿಗೆ ಮುಂದಾಳು.

‘ಯಾರನ್ನ ಕಾಯಾಕತ್ತೀಯೇ ಯವ್ವಾ?’

‘ಯಾರನ್ನೂ ಇಲ್ಲ. ಕೆರಿ ನೋಡಾಕತ್ತೇನಿ.’

‘ಕೆರಿ ಎಲ್ಲೂ ಓಡಿ ಹೋಗೂದಿಲ್ಲ, ಇಳದ ಬಾ. ನಾಕ ಸಸಿ ಹಚ್ಚು, ಕೆರಿ ಅಂದ್ರೇನಂತ ಸೊಂಟಕ್ಕ ತಿಳೀತೈತಿ.’

ಸಾಲಿಗೆ ಸಾಲೇ ನಕ್ಕಿತು. ಮರುದಿನ ಬುತ್ತಿ ಬಿಚ್ಚುವಾಗ ದುರಗವ್ವನೇ ರಟ್ಟನ್ನು ಕಸಿದುಕೊಂಡಳು. ಒಂದು ಕಣ್ಣು ಮುಚ್ಚಿ, ಪಕ್ಕದ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ಆಳುಗಳ ಮೇಲೆ ಕಣ್ಣಿಟ್ಟು ಕೂತಿದ್ದ ಊರ ಗೌಡನ ಕಡೆ ಹಿಡಿದಳು. ನಿಧಾನವಾಗಿ ರಟ್ಟನ್ನು ಆಚೆ ಸರಿಸಿದಳು.

‘ಅಯ್ಯ, ಗೌಡ ಹೋಗೇಬಿಟ್ಟ! ಎಷ್ಟ ಹಗೂರಾತ ನೋಡ್ರೇ ಹೊಲ.’

ರಟ್ಟು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬಳೂ ಗೌಡನನ್ನು ಒಮ್ಮೆ ಒಳಗೆ ತಂದು, ಒಮ್ಮೆ ಹೊರಗೆ ಹಾಕಿದಳು. ಚಮನಬಿಯೂ ನಕ್ಕಳು. ಆದರೆ ಅವತ್ತು ಏರಿಯ ಮೇಲೆ ನಿಂತು ನೋಡುವಾಗ ಆ ನಗುವೇ ಕೆಲಸಕ್ಕೆ ಬಂತು. ಒಳಗೆ ಏನು ಬರಬೇಕು ಎನ್ನುವುದನ್ನು ಕೈ ತೀರ್ಮಾನಿಸಬಹುದು, ಬಾರದಿರುವುದನ್ನೂ ಕೈಯೇ ತೀರ್ಮಾನಿಸಬಹುದು. ಮಾಸ್ತರರು ಇದನ್ನೇ ಹೇಳಿದ್ದರು, ಆಗ ಅದು ಬರೀ ಮಾತಾಗಿತ್ತು.

ಅವಳು ಕಾಗದ ಬಿಚ್ಚಿ ಬರೆದಳು. ಎಡಕ್ಕೆ ನಾಟಿಯ ಹೆಂಗಸರು, ಬಲಕ್ಕೆ ಕೆರೆಯ ಏರಿ, ಅದರಾಚೆ ಗುಡ್ಡ. ದುರಗವ್ವ ಕೆಸರು ಕೈಯನ್ನು ಹಿಂದೆ ಕಟ್ಟಿಕೊಂಡು ಬಂದು ನೋಡಿದಳು.

‘ಇದರಾಗ ನಾ ಯಾರು?’

‘ಇದು.’ ಚಮನಬಿ ಒಂದು ಕೆಂಪು ಚುಕ್ಕೆ ತೋರಿಸಿದಳು.

‘ಇಷ್ಟ ಇದ್ದೇನೇನ ನಾನು? ಹೋಗ್ಲಿ ಬಿಡು. ನಮ್ಮನ್ನ ಯಾಕ ಹಿಂಗ ಮೂಲ್ಯಾಗ ತುರುಕೀ? ನಡುವ ಯಾರರೆ ಬರಾವ್ರು ಅದಾರೇನು?’

ಚಮನಬಿ ಕಾಗದ ನೋಡಿದಳು. ನಡುವೆ ಅಂಗೈ ಅಗಲ ಖಾಲಿ.

ಬರುವವರು ಯಾರೂ ಇರಲಿಲ್ಲ. ಇದನ್ನು ಅವಳೇ ಮುಂದೆ ನನಗೆ ಹೇಳಿದ್ದಳು. ಟ್ರಂಕಿನ ಮೇಲೆ ಮುಖ್ಯವಾದದ್ದು ಕೀಲಿ. ಗುಡ್ಡ, ಹೊಳೆ, ತೆಂಗು, ಎಲ್ಲವೂ ಅದರ ಆಚೀಚೆ ದಾರಿ ಬಿಟ್ಟು ನಿಲ್ಲುವ ಮಂದಿ. ಅದನ್ನು ಅವಳು ಯಾವತ್ತೂ ತಾನಾಗಿ ಇಟ್ಟವಳಲ್ಲ. ಅದನ್ನು ಬೇರೆಯವರು ತಂದು ಬಡಿದು ಕೂಡಿಸುತ್ತಿದ್ದರು. ಬರಿಯ ಕಾಗದದ ಮುಂದೆ ಅವಳ ಕೈ ಈಗಲೂ ಅವರಿಗಾಗಿ ಕಾಯುತ್ತಿತ್ತು. ನಡುವೆ ಏನಾದರೂ ಇಡು ಎಂದಾಗ ಅವಳು ಹತ್ತಿರ ಕಂಡದ್ದನ್ನು ಇಟ್ಟಿದ್ದಳು. ಯಾವುದು ಮುಖ್ಯ ಎಂದು ತನ್ನನ್ನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ರೂಢಿಯೇ ಇರಲಿಲ್ಲ.

ಮಾಸೂರಿನಿಂದ ಬಂದವಳು ಮೊದಲಿಗಿಂತ ಕಡಿಮೆ ಬರೆದಳು. ಮಾಸ್ತರರ ಪಡಸಾಲೆಯಲ್ಲಿ ಕೂತು, ರಟ್ಟು ಹಿಡಿದು, ಬರೆಯದೆಯೇ ಎದ್ದು ಬರುವ ದಿನಗಳಿದ್ದವು. ಮಾಸ್ತರರಿಗೆ ಚಿಂತೆಯಾಯಿತು. ಮೂರು ಪಾಲಿನ ಲೆಕ್ಕವನ್ನು ಮತ್ತೆ ಹೇಳಿದರು. ಅವಳು ಕೆರೆಯನ್ನು ಎರಡು ಸಲ ಬರೆದು ತೋರಿಸಿದಳು. ಎರಡರಲ್ಲೂ ಹೆಂಗಸರ ಸಾಲು ಮೂಲೆಯಿಂದ ಹೊರಟು ನೀರಿನ ಕಡೆಗೆ ಬಾಗಿತ್ತು. ‘ಹ್ಞಾಂ, ಕಣ್ಣು ಒಳಗ ಹೋಗಾಕತ್ತೈತಿ ಈಗ,’ ಎಂದರು. ಅದಕ್ಕಿಂತ ಹೆಚ್ಚು ಹೊಗಳಲಿಲ್ಲ.

ಪರೀಕ್ಷೆಗೆ ಹೋಗುವ ಹಿಂದಿನ ಸಂಜೆ ದಿಲಾವರ ಕೊಡತಿ ಬದಿಗಿಟ್ಟು ಹೊಸ್ತಿಲ ಮೇಲೆ ಕೂತಿದ್ದ. ಇದನ್ನು ಅವನೇ ನನಗೆ ಹೇಳಿದ್ದು.

‘ಒಂದ ಮಾತ ಹೇಳ್ಲೇನು?’

‘ಹೇಳ್ರಿ.’

‘ನೀ ಪಾಸಾಗಬಾರದು ಅಂತ ಒಂದೊಂದ ಸಲ ಮನಸಿನ್ಯಾಗ ಬರತೈತಿ. ಆಮ್ಯಾಲೆ ತೋಬಾ ತೋಬಾ ಅಂತೇನಿ.’

ಅವಳು ಕುಂಚಗಳನ್ನು ಅರಿವೆಯಲ್ಲಿ ಸುತ್ತುತ್ತಿದ್ದಳು. ಸೀನರಿ ಇಲ್ಲದ ಟ್ರಂಕನ್ನು ಯಾರೂ ಮದುವೆಗೆ ಒಯ್ಯುವುದಿಲ್ಲ ಎಂಬುದು ಅವಳಿಗೂ ಗೊತ್ತು. ‘ತೋಬಾ ಎಷ್ಟ ಸಲ ಅಂತೀರಿ?’ ಎಂದಳು.

‘ಬಂದಷ್ಟ ಸಲ.’

‘ಹಂಗಾದ್ರ ನಡೀತೈತಿ.’

ಹುಬ್ಬಳ್ಳಿಯ ಆ ಕೋಣೆಯಲ್ಲಿ ಈ ಸಲ ವಿಷಯ ಬೇರೆ. ಕರಿಹಲಗೆಯ ಮೇಲೆ ಬರೆದರು: ನಿಮ್ಮ ಊರಿನ ಒಂದು ದಾರಿ. ಚಮನಬಿ ಕೆರೆಯನ್ನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದಳು. ಸುತ್ತಲಿನವರು ಕಾಗದದ ಬುಡದಿಂದ ಅಗಲವಾಗಿ ಹೊರಟು ದೂರದ ಗುಡ್ಡದಲ್ಲಿ ಸಣ್ಣಗಾಗುವ ರಸ್ತೆಗಳನ್ನು ಎಳೆಯತೊಡಗಿದರು. ಎರಡೂ ಕಡೆ ಸಾಲುಮರ. ಅವಳಿಗೂ ಆ ರಸ್ತೆ ಬರುತ್ತಿತ್ತು. ಅದನ್ನು ಬರೆದರೆ ಪಾಸಾಗಬಹುದು ಎಂದೂ ಅನಿಸಿತು. ಆದರೆ ಸವಣೂರಿನಲ್ಲಿ ಅಂಥ ಗುಡ್ಡ ಎಲ್ಲಿದೆ? ಅವಳು ದಿನಾ ನೋಡುವ ದಾರಿ ಒಂದೇ, ತನ್ನ ಓಣಿ. ಅದರಲ್ಲಿ ಮುಖ್ಯವಾದದ್ದು ಯಾವುದು? ಕಾಗದವನ್ನು ಮುಟ್ಟದೆ ಕೂತೇ ಇದ್ದಳು. ಹಿಂದಿನ ಸಾಲಿನ ಹುಡುಗಿ, ಮೈ ಸರಿ ಇಲ್ಲವೇನೋ ಎಂದು ಬಗ್ಗಿ ನೋಡಿದಳಂತೆ.

ನಮ್ಮ ಹಿತ್ತಲಾಚೆಯ ಆ ಓಣಿ ಬಹಳ ಇಕ್ಕಟ್ಟು. ಬಿಸಿಲು ಗೋಡೆಗಳ ಬುಡಕ್ಕೆ ಬರುವುದೇ ಇಲ್ಲ, ದಾರಿಯ ನಡುವಿನಲ್ಲಿ ಒಂದು ಪಟ್ಟಿಯಾಗಿ ಬೀಳುತ್ತದೆ. ಹಸಿ ಬಣ್ಣದ ಟ್ರಂಕು ಒಣಗಬೇಕಾದರೆ ಅದನ್ನು ದಾರಿಯಲ್ಲೇ, ಆ ಪಟ್ಟಿಯಲ್ಲೇ ಇಡಬೇಕು. ಟ್ರಂಕು ಅಲ್ಲಿರುವಷ್ಟು ಹೊತ್ತು ಓಣಿಗೆ ಓಣಿಯೇ ಅದರ ಸುತ್ತ ಬಾಗುತ್ತದೆ. ನೀರಿನ ಕೊಡದ ಹೆಂಗಸರು ಸೀರೆ ಒತ್ತಿ ಹಿಡಿದು ಗೋಡೆಗೆ ಸವರಿಕೊಂಡು ಹೋಗುತ್ತಾರೆ. ಎಲೆ ತೋಟದಿಂದ ವೀಳ್ಯದೆಲೆಯ ಬುಟ್ಟಿ ಹೊತ್ತು ಬಂದವರು ಅಡ್ಡ ತಿರುಗಿ ದಾಟುತ್ತಾರೆ. ಸೈಕಲ್ಲಿನವನು ಇಳಿಯುತ್ತಾನೆ. ಯಾರ ಮನೆಯ ಆಡಾದರೂ ಹತ್ತಿರ ಬಂದರೆ ಎದುರು ಮನೆಯವರು ಹಚಾ ಎನ್ನುತ್ತಾರೆ. ಬೈಯುವುದೂ ಉಂಟು, ಆದರೆ ಯಾರೂ ಮುಟ್ಟುವುದಿಲ್ಲ.

ಚಮನಬಿ ಮೊದಲು ಟ್ರಂಕನ್ನು ಬರೆದಳು. ನಟ್ಟನಡುವೆ ಅಲ್ಲ, ಬಿಸಿಲು ಬೀಳುವ ಕಡೆ. ಆಮೇಲೆ ಉಳಿದವರನ್ನು ತಂದಳು. ಎಲ್ಲಿ ನಿಲ್ಲಬೇಕೆಂದು ಅವರಿಗೇ ಗೊತ್ತಿತ್ತು. ಟ್ರಂಕಿನ ಸುತ್ತ ಜನ ಬಿಟ್ಟ ನೆಲವನ್ನು ಅವಳು ಬರಿಯ ಬಿಸಿಲಿನ ಬಣ್ಣದಲ್ಲಿ ಬಿಟ್ಟಳು. ಖಾಲಿ ಬಿಡುವುದು ಅವಳಿಗೆ ಹೊಸತಲ್ಲ. ಯಾವುದಕ್ಕಾಗಿ ಬಿಡುತ್ತಿದ್ದೇನೆ ಎಂಬುದನ್ನು ತಾನೇ ಇಟ್ಟದ್ದು ಹೊಸತು. ಎರಡೂ ಪಕ್ಕದ ಗೋಡೆಗಳ ನೆರಳು ಮುಗಿಯುವಷ್ಟರಲ್ಲಿ ಗಂಟೆಯಾಯಿತು. ಆಕಾಶ ತೆಳ್ಳನೆಯ ಒಂದು ಸೀಳಾಗಿ ಮೇಲೆ ಉಳಿದಿತ್ತು. ಅದಕ್ಕೆ ಬಣ್ಣ ಹಾಕಲು ಹೊತ್ತು ಸಿಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ದಿಲಾವರ ಕಾಯುತ್ತಿದ್ದ.

‘ಹೊಳಿ ಬರೀಲಿಲ್ಲ, ಗುಡ್ಡ ಬರೀಲಿಲ್ಲ,’ ಎಂದಳು. ಮುಖ ಬಾಡಿತ್ತು. ಗುಡ್ಡವಿಲ್ಲದ, ಮರವಿಲ್ಲದ ಓಣಿಯನ್ನು ನಿಸರ್ಗಚಿತ್ರವೆಂದು ಯಾರಾದರೂ ಒಪ್ಪುತ್ತಾರೆಯೇ ಎಂಬ ಭಯ ಆಗ ಬಂದಿತ್ತು.

‘ಮತ್ತೇನ ಬರದಿ?’

‘ನಿಮ್ಮ ಟ್ರಂಕ.’

‘ಒಣಗಿದ್ದೋ ಹಸೀದೋ?’

‘ಹಸೀದು.’

‘ಹಂಗಾದ್ರ ಕೈ ಹಚ್ಚಿರೂದಿಲ್ಲ ಯಾರೂ,’ ಎಂದ ದಿಲಾವರ.

ಚಳಿ ಹೋಗಿ ಬಿಸಿಲು ಬಲಿಯುವವರೆಗೆ ಸುದ್ದಿಯಿಲ್ಲ. ಆ ದಿನಗಳಲ್ಲಿ ಚಮನಬಿ ಹಳೆಯ ಸೀನರಿಯನ್ನೇ, ಹಳೆಯ ಗುಡ್ಡಗಳನ್ನೇ ಬರೆದಳು. ಮದುವೆಗಳು ಬಂದಿದ್ದವು. ಎಮ್ಮೆಯ ಬೆನ್ನಿನಂಥ ಗುಡ್ಡವನ್ನು ಒಂದು ಸಲ ಬರೆದು ನೋಡಿದಾಗ ಹಿರೇಕೆರೂರಿನ ಬೀಗರು, ಇದೆಂಥ ಗುಡ್ಡ, ಬಣ್ಣ ಚೆಲ್ಲಿದ್ದೀರಿ ಎಂದು ಮರಳಿ ತಂದಿದ್ದರು. ಅವಳು ಅದನ್ನು ಅಳಿಸಿ, ಸಂದಿಯಲ್ಲಿ ಸೂರ್ಯನನ್ನಿಟ್ಟು ಕೊಟ್ಟಳು. ಬೇಸರಪಟ್ಟುಕೊಂಡಳೆಂದು ನನಗೆ ಅನಿಸುವುದಿಲ್ಲ. ಅವರ ಮಗಳಿಗೆ ಬೇಕಾದದ್ದು ಆ ಸೂರ್ಯ, ಎಂದು ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಗುಮ್ಮೆನ್ನುತ್ತಿದ್ದ ಸದ್ದು ಅರ್ಧಕ್ಕೇ ನಿಂತಿತು. ಗುದ್ಲೆಪ್ಪ ಮಾಸ್ತರರು ಓಣಿಗೆ ಬಂದಿದ್ದರು, ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಅವರು ಟೊಪ್ಪಿಗೆ ಮರೆತು ಹೊರಬಿದ್ದದ್ದನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ.

‘ಪಾಸು!’ ಎಂದರು. ‘ರೇಖಾಗಣಿತದಾಗ ಕೂದಲೆಳೀ ಮ್ಯಾಲೆ ಪಾರಾಗೀದಿ. ನಿಸರ್ಗಚಿತ್ರದಾಗ ಚಲೋನ ಕೊಟ್ಟಾರ. ಏನ್ ಬರದಿದ್ದೀ ತಂಗಿ, ಕೆರೀನೇನು?’

ಅವಳು ಬಾಗಿಲ ಮರೆಯಿಂದ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತಳು. ‘ಇದನ್ನರಿ,’ ಎಂದು ಓಣಿಯತ್ತ ಕೈ ಬೀಸಿದಳು. ಮಾಸ್ತರರು ತಿರುಗಿ ಓಣಿಯ ಉದ್ದಕ್ಕೂ ನೋಡಿದರು. ಏನು ಕಂಡಿತೋ, ತಲೆಯಾಡಿಸಿದರು. ಅಷ್ಟರಲ್ಲಿ ಅವರ ಹಿಂದೆಯೇ ಟೊಪ್ಪಿಗೆ ಹಿಡಿದುಕೊಂಡು ಅನ್ನವ್ವ ಬಂದಳು.

ಶಿಗ್ಗಾವಿಯ ಲಕ್ಷ್ಮಪ್ಪನವರು ಅವಳನ್ನು ಹೆಚ್ಚೇನೂ ಕೇಳಲಿಲ್ಲ. ಶಾಲೆಯ ಗೋಡೆ ತೋರಿಸಿ, ‘ಇದರ ಮ್ಯಾಲೊಂದು ಸೀನರಿ ಬರೀತೀರೇನ್ರಿ ಅಕ್ಕೋರ? ತೆಂಗಿನ ಗಿಡ, ಹೊಳಿ ಇದ್ದದ್ದು?’ ಎಂದರು.

‘ಬರೀತೇನ್ರಿ. ಮೊದಲ ಹುಡಿಗ್ಯಾರು ಒಂದ ಹೊಳಿ ನೋಡಿ ಬರ್ಲಿ.’

‘ಎಲ್ಲೀದು?’

‘ಎಲ್ಲೀದರ ಆಗ್ಲಿರಿ. ಹಿರೇಬೆಂಡಿಗೇರಿ ದಾರ್ಯಾಗ ಒಂದ ಹಳ್ಳ ಕಂಡೆ, ಬಸ್ಸಿನಾಗಿಂದ. ಇಳದ ನೋಡಬೇಕು.’

ಜೂನ್ ತಿಂಗಳ ಮೊದಲ ಸೋಮವಾರ ಅವಳು ಕೆಲಸಕ್ಕೆ ಹೊರಟ ಬೆಳಿಗ್ಗೆ ನಮ್ಮವ್ವ ಹಿತ್ತಲ ಗೋಡೆಗೆ ಕಲ್ಲು ಹಾಕಿಕೊಂಡು ಹತ್ತಿ ನಿಂತಿದ್ದಳು, ನನ್ನನ್ನೂ ಎತ್ತಿ ಕೂರಿಸಿದ್ದಳು. ಮಳೆ ಬಂದು ನಿಂತ ನೆಲ. ದಿಲಾವರ ಬಾಗಿಲ ಮುಂದೆ ಹಸಿರು ಬಳಿದ ಟ್ರಂಕಿನೆದುರು ಕೂತಿದ್ದ. ಕೈಯಲ್ಲಿ ಕುಂಚವಿತ್ತು, ಕೊಡತಿಯನ್ನು ಹಿಡಿದ ಹಾಗೆ ಹಿಡಿದಿದ್ದ. ಹಾನಗಲ್ಲಿನ ಒಂದು ಮನೆಯವರಿಗೆ ಗುರುವಾರದೊಳಗೆ ಕೊಡಬೇಕಿತ್ತು. ಚಮನಬಿ ಕೊಡೆ, ಚೀಲ ಹಿಡಿದು ಹೊರಗೆ ಬಂದಳು. ಅವನ ಕೈಯನ್ನು ನೋಡಿದಳು.

‘ಹಂಗ ಹಿಡದ್ರ ಬಡೀತೀರಿ, ಬರಿಯಂಗಿಲ್ಲ. ಸಡ್ಲ ಹಿಡೀರಿ.’

‘ಸಡ್ಲ ಹಿಡದ್ರ ಬೀಳತೈತಿ.’

‘ಬೀಳ್ಲಿ. ಬಿದ್ದದ್ದನ್ನ ತಗೊಂಡ್ರಾತು.’

‘ಸಂಜಿಗೆ ನೀನ ಬಂದ ಬರೀ.’

‘ಸಂಜಿಕ ಬೆಳಕ ಎಲ್ಲಿರತೈತ್ರಿ? ನೀವ ಬರೀರಿ. ಕೆಟ್ರ ಅಳಿಸಿ ಕೊಡ್ತೇನಿ.’

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಹೊರಟಳು. ಓಣಿಯ ಬಾಗಿಲುಗಳಲ್ಲಿ ನಿಂತವರು ದಾರಿ ಬಿಟ್ಟರು. ದಿಲಾವರ ಕೂತಲ್ಲಿಂದಲೇ ಕೂಗಿದ.

‘ಎಲ್ಲಿಂದ ಚಾಲೂ ಮಾಡ್ಲಿ, ಅದನ್ನರ ಹೇಳಿ ಹೋಗು!’

ಅವಳು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು, ನಿಲ್ಲಲಿಲ್ಲ. ನಡೆಯುತ್ತಲೇ, ಅರ್ಧ ಹಿಂದಿರುಗಿ, ‘ಮೊದಲ ದೂರದ್ದು ಬರೀರಿ, ತೆಳ್ಳಗ. ಅದು ಆರೂತನ ಹತ್ತರದ್ದಕ್ಕ ಕೈ ಹಚ್ಚಬ್ಯಾಡ್ರಿ, ಕುಂತ ನೋಡ್ರಿ, ನೋಡ್ತ ನೋಡ್ತ ನಿಮಗ ಯಾವುದು ಚಂದ ಕಾಣತೈತಿ, ಅದನ್ನ ತಗೊಂಡು ಹತ್ತರ ಇಡ್ರಿ’ ಎನ್ನುತ್ತ ಓಣಿಯ ತಿರುವಿನಲ್ಲಿ ಮರೆಯಾದಳು.